ಒಂದೂವರೆ ಕಿಲೋಮೀಟರ್ ಹೆಚ್ಚಿಗೆ

‘ಗೊತ್ತಿಲ್ಲ’ ಎನ್ನುವುದು ಸುಲಭ, ‘ಕೆಟ್ಟಿದೆ’ ಎನ್ನುವುದು ಕಷ್ಟ. ಏಳನೇ ಕ್ಲಾಸಿಗೇ ಓದು ಬಿಟ್ಟ ನಾನು ಮೊದಲನೆಯದನ್ನು ಎಷ್ಟೋ ಸಲ ನಾಚಿಕೆಯಿಲ್ಲದೆ ಹೇಳಿದ್ದೇನೆ. ಆದರೆ ನನ್ನ ಲಗೇಜ್ ಆಟೋದ ಸ್ಪೀಡೋಮೀಟರ್ ಕೆಟ್ಟಿದೆ ಎಂಬ ಒಂದೇ ಒಂದು ಮಾತನ್ನು ತಂಗಿ ಸುಮಳಿಗೆ ಹೇಳಬೇಕಾದ ಹೊತ್ತಿನಲ್ಲಿ ಹೇಳಲಿಲ್ಲ.

ಸುಮ ಕೋಡಿಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಅತಿಥಿ ಎಂದಮೇಲೆ ಬರುವ ವರ್ಷವೂ ಕರೆಯುತ್ತಾರೋ ಇಲ್ಲವೋ ಎಂಬ ಭಯ ಇದ್ದದ್ದೇ. ಆ ದಿನ ಹೆಡ್‌ಮಾಸ್ಟರು ಅವಳ ಪಾಠ ನೋಡಲು ಬರುವವರಿದ್ದರು. ಪಾಠ, ವೇಗ ಮತ್ತು ಕಾಲದ ಗ್ರಾಫು. “ಅಣ್ಣ, ಸ್ಕೂಲ್ ಗೇಟಿಂದ ಕೆರೆ ಏರಿಗಂಟ ಗಾಡಿ ಓಡ್ಸು. ಸರಿಯಾಗಿ ಎರಡು ಕಿಲೋಮೀಟ್ರು. ಅರ್ಧ ನಿಮಿಷಕ್ಕೊಂದ್ಸಲ ಮುಳ್ಳು ನೋಡಿ ಫೋನಲ್ಲಿ ಹೇಳು. ಮಕ್ಳು ಬೋರ್ಡ್ ಮೇಲೆ ಬರ್ಕೊತವೆ” ಎಂದಳು. ಮುಳ್ಳು ಸೊನ್ನೆಯ ಮೇಲೆ ಮಲಗಿ ಎರಡು ವರ್ಷವಾಗಿತ್ತು. “ಆಯ್ತು ಬುಡವ್ವ” ಎಂದುಬಿಟ್ಟೆ.

ಫೋನನ್ನು ಎದುರಿಗಿಟ್ಟು ಹೊರಟೆ. ಮೊದಲನೇ ಅರ್ಧ ನಿಮಿಷಕ್ಕೆ “ಅರವತ್ತು!” ಎಂದೆ. ಆ ಕಡೆಯಿಂದ ಮಕ್ಕಳು ಹೋ ಎಂದವು. ಹೋ ಎಂದಮೇಲೆ ಇಳಿಸಲು ಯಾರಿಗೆ ಮನಸ್ಸು ಬರುತ್ತದೆ? ಮತ್ತೆ ಅರವತ್ತು, ಮತ್ತೆ ಅರವತ್ತು. ನಾಲ್ಕನೇ ಅರವತ್ತು ಹೇಳುವಾಗ ಮುಂದೆ ಎಮ್ಮೆಗಳು ರಸ್ತೆ ದಾಟುತ್ತಿದ್ದವು. ಹಾರನ್ ಹೊಡೆದರೆ ಗುಟ್ಟು ರಟ್ಟಾಗುತ್ತದೆಂದು ಗಾಡಿ ನಿಲ್ಲಿಸಿ ತೆಪ್ಪಗೆ ಕೂತಿದ್ದೆ. ಹೀಗೆ ಏಳು ಸಲವೂ ಅರವತ್ತೇ ಹೇಳಿ, ನಾಲ್ಕು ನಿಮಿಷಕ್ಕೆ ಏರಿ ತಲುಪಿ “ಸೊನ್ನೆ” ಎಂದೆ. ನಾನು ಹೇಳಿದ್ದರಲ್ಲಿ ನಿಜ ಅದೊಂದೇ.

ಶಾಭಾಸ್‌ಗಿರಿ ಪಡೆಯಲು ವಾಪಸು ಬಂದು ಕ್ಲಾಸಿನ ಬಾಗಿಲಲ್ಲಿ ನಿಂತೆ. ಬೋರ್ಡಿನ ಮೇಲೆ ಗೆರೆ ಜರ್ರನೆ ಏರಿ, ಹಾಸುಗಲ್ಲಿನಂತೆ ನೆಟ್ಟಗೆ ಮಲಗಿ, ಕೊನೆಗೆ ಇಳಿದಿತ್ತು. “ಇದೇನವ್ವ, ಮಲ್ಗಿರೋ ಕಡೆ ನಾನು ನಿಂತಿದ್ದೆ ಅಂತ್ಲಾ?” ಎಂದೆ, ಎಮ್ಮೆ ನೆನಪಾಗಿ. “ಇಲ್ಲಣ್ಣ, ಅಲ್ಲಿ ನೀನು ಒಂದೇ ಸ್ಪೀಡಲ್ಲಿ ಹೋಗ್ತಿದ್ದೆ” ಎಂದು ಮಕ್ಕಳ ಕಡೆ ತಿರುಗಿದಳು. “ಗೆರೆ ಕೆಳಗಿನ ಜಾಗದ ವಿಸ್ತೀರ್ಣವೇ ಗಾಡಿ ಹೋದ ದೂರ. ಲೆಕ್ಕ ಹಾಕಿ.”

ಮೂರೂವರೆ ಕಿಲೋಮೀಟರ್ ಬಂತು.

ಸುಮ ಅಳಿಸಿ ಇನ್ನೊಮ್ಮೆ ಮಾಡಿದಳು. ಮೂರೂವರೆಯೇ. ಹಿಂದಿನ ಬೆಂಚಿನಲ್ಲಿ ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಂಡರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಮಿಸ್, ಲೆಕ್ಕ ಸರಿಯಾಗೇ ಐತೆ. ರಸ್ತೆನೇ ಒಸಿ ಉದ್ದ ಆಗ್ಬುಟ್ಟೈತೆ” ಎಂದಳು. ಕ್ಲಾಸೆಲ್ಲ ನಕ್ಕಿತು. ಸುಮ ಸೀಮೆಸುಣ್ಣ ಮೇಜಿನ ಮೇಲಿಟ್ಟು ಹಿಂದಿನ ಬೆಂಚಿನ ಕಡೆ ತಿರುಗಿದಳು. “ನಾನೇ ಎಲ್ಲೋ ತಪ್ಪು ಹೇಳ್ಕೊಟ್ಟಿರಬೇಕು ಸಾರ್” ಎಂದಳು.

ಆ ಮಾತು ಕೇಳಿ ಸುಮ್ಮನಿರಲು ಆಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದೆ. ಏಳನೇ ಕ್ಲಾಸಿನ ನಂತರ ಬೋರ್ಡಿನ ಮುಂದೆ ನಿಂತದ್ದು ಅದೇ ಮೊದಲು.

“ನಿನ್ ಪಾಠ ಸರಿಯಾಗೈತೆ ಕಣವ್ವ. ಗಾಡಿ ಮುಳ್ಳು ಕೆಟ್ಟೋಗೈತೆ. ಅರವತ್ತು ಅಂದಿದ್ದೆಲ್ಲ ನನ್ ಬಾಯಿಗ್ ಬಂದಿದ್ದು.”

ಸುಮ ಬೋರ್ಡನ್ನೂ ನನ್ನನ್ನೂ ನೋಡಿದಳು. “ಹಂಗಾದ್ರೆ ಈ ಒಂದೂವರೆ ಕಿಲೋಮೀಟ್ರು?”

“ಅದು ಪೂರಾ ನನ್ ಸುಳ್ಳು ಕಣವ್ವ. ತಪ್ಪಾಯ್ತು.”