ಹಿತ್ತಲಿನ ಅರ್ಥಿಂಗ್ ತಗ್ಗಿನವರ ಸನ್ನಿಧಾನಕ್ಕೆ

ರಾಮದುರ್ಗ,
ನವೆಂಬರ್ 2001

ಇವರಿಗೆ,
ಶ್ರೀಮಾನ್ ಅರ್ಥಿಂಗ್ ತಗ್ಗಿನವರು,
ಐದು ಅಡಿ ಆಳ, ಎರಡು ಅಡಿ ಅಗಲ,
ನುಗ್ಗಿ ಗಿಡದ ಮಗ್ಗಲು, ವಾಡೆಯ ಹಿತ್ತಲು, ರಾಮದುರ್ಗ.

ವಿಷಯ: ತಾವು ಬಂದಾಗಿನಿಂದ ನಮಗಾದ ತೊಂದರೆಗಳು ಹಾಗೂ ಮುಂದೆ ತಾವು ದಯಮಾಡಿ ಏನಾಗಬಾರದು ಎಂಬುದರ ಕುರಿತು.

ಮಾನ್ಯರೇ,

ತಮ್ಮ ತಳದಲ್ಲಿ ಮಲಗಿರುವ ತಾಮ್ರದ ತಗಡಿಗೆ ಮೊದಲನೆಯದಾಗಿ, ಅದರ ಮೇಲಿನ ಇದ್ದಲಿಗೆ ಎರಡನೆಯದಾಗಿ, ಇದ್ದಲಿನ ಮೇಲಿನ ಹರಳುಪ್ಪಿಗೆ ಮೂರನೆಯದಾಗಿ ನನ್ನ ಸಲಾಮುಗಳನ್ನು ಸಲ್ಲಿಸುತ್ತ ಬರೆದುಕೊಳ್ಳುವುದೇನೆಂದರೆ, ನಾನು ಸರಕಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಟೈಪಿಸ್ಟನಾಗಿ ಪರರ ದೂರುಗಳನ್ನು ಮೂರು ಮೂರು ಪ್ರತಿಗಳಲ್ಲಿ ಬಡಿದು ನಿವೃತ್ತನಾದ ಮಲ್ಲಿಕಸಾಬ ಜಮಾದಾರ. ನನ್ನದೇ ಹೆಸರಿನಲ್ಲಿ ಬರೆಯುತ್ತಿರುವ ಮೊದಲ ದೂರು ಇದು, ಮತ್ತು ಅದು ಒಂದು ತಗ್ಗಿನ ಮೇಲೆ ಆಗಬಹುದೆಂದು ನಾನು ಸರ್ವಿಸಿನಲ್ಲಿದ್ದಾಗ ಎಣಿಸಿರಲಿಲ್ಲ. ತಾವು ಕಂಪ್ಯೂಟರಿನೊಳಗೆ ದಾರಿ ತಪ್ಪಿ ಅಲೆಯುವ ಕರೆಂಟನ್ನು ಭೂಮಿಗೆ ಇಳಿಸಿ ಮನುಷ್ಯರ ಜೀವ ಕಾಯುವುದಕ್ಕಾಗಿ ತೋಡಿದ ತಗ್ಗು ಎಂಬುದು ತಮಗೂ ಗೊತ್ತು, ನನಗೂ ಗೊತ್ತು. ಊರಿಗೆ ಗೊತ್ತಿಲ್ಲದಿರುವುದೇ ಈ ಪತ್ರಕ್ಕೆ ಕಾರಣ.

ಮೊದಲಿನಿಂದ ಹೇಳುತ್ತೇನೆ. ಕಳೆದ ಜೂನಿನಲ್ಲಿ ಬೈಲಹೊಂಗಲದಲ್ಲಿ ಒಂದು ಟೈಪಿಂಗ್ ಕ್ಲಾಸು ಬಾಗಿಲು ಹಾಕಿದಾಗ ಅಲ್ಲಿದ್ದ ಹಳೆಯ ಕಂಪ್ಯೂಟರನ್ನು ನನ್ನ ಮಗಳು ಅಂಬರೀನಳಿಗಾಗಿ ಖರೀದಿಸಿದೆ. ಅದರ ಪರದೆಯನ್ನು ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಸವದತ್ತಿಯಲ್ಲಿ ಬಸ್ಸು ಬದಲಿಸಿ ಬರುವಾಗ ಪಕ್ಕದಲ್ಲಿ ಕುಳಿತ ಹೆಣ್ಣುಮಗಳು ಕೂಸಿಗೆ ಎಷ್ಟು ದಿನದಿಂದ ಜ್ವರ ಎಂದು ಕೇಳಿದ್ದಳು. ನಾವು ಇಪ್ಪತ್ತು ವರ್ಷದಿಂದ ಬಾಡಿಗೆಗಿರುವ ಈ ವಾಡೆ ಪೇಟೆಗೆ ಹತ್ತು ಹೆಜ್ಜೆಯಲ್ಲಿರುವುದರಿಂದ, ಮಾಸ್ತರರು ಪ್ರಶ್ನೆಪತ್ರಿಕೆಯನ್ನೂ, ಮದುವೆ ಮನೆಯವರು ಆಮಂತ್ರಣವನ್ನೂ, ಅರ್ಜಿ ಬರೆಯುವವರು ಅರ್ಜಿಯನ್ನೂ ಹಿಡಿದು ಸಲೀಸಾಗಿ ಬರತೊಡಗಿದರು. ಇರುವುದು ಒಂದೇ ಆದರೂ ಬಾಗಿಲಿಗೆ ‘ಅಂಬರೀನ ಕಂಪ್ಯೂಟರ್ಸ್’ ಎಂಬ ಬೋರ್ಡು ಬಿತ್ತು. ನಾನು ಜೀವಮಾನವಿಡೀ ಸಾಹೇಬರ ಮೇಜಿನ ಮುಂದೆ ನಿಂತವನು. ನನ್ನ ಮಗಳು ತನ್ನ ಮನೆಯಲ್ಲಿ, ತನ್ನ ಮೇಜಿನ ಹಿಂದೆ ಕುಳಿತು, ಬಂದವರಿಗೆ ‘ಕುಂದರ್ರಿ’ ಎನ್ನುವುದನ್ನು ನೋಡಿ ನನಗಾದ ಸಂತೋಷವನ್ನು ತಮಗೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಆದರೆ ಕಂಪ್ಯೂಟರು ಅವಳಿಗೆ ಶಾಕ್ ಹೊಡೆಯುತ್ತಿತ್ತು. ವಾಡೆಯ ಗೋಡೆಗಳು ಎರಡೂವರೆ ಅಡಿ ದಪ್ಪ, ಬಾಗಿಲುಗಳು ತಲೆ ಬಗ್ಗಿಸದವರನ್ನು ಒಳಗೆ ಬಿಡುವುದಿಲ್ಲ, ವೈರುಗಳು ಸಂಸ್ಥಾನದ ಕಾಲ ಮುಗಿದ ಮರುವರ್ಷ ಕಟ್ಟಿಗೆ ಪಟ್ಟಿಯ ಮೇಲೆ ಹತ್ತಿ ಕುಳಿತಂಥವು. ಕಂಪ್ಯೂಟರಿನ ಪ್ಲಗ್ಗಿಗೆ ಮೂರು ಕಾಲು. ನಮ್ಮ ಸ್ವಿಚ್ ಬೋರ್ಡಿನಲ್ಲೂ ಮೂರು ತೂತುಗಳಿದ್ದವು ನಿಜ, ಮೂರನೆಯದರ ಹಿಂದೆ ಮಾತ್ರ ವೈರೇ ಇರಲಿಲ್ಲ. ಅದನ್ನು ಕೇವಲ ಮರ್ಯಾದೆಗಾಗಿ ಇಟ್ಟಿದ್ದರು. ಕಂಪ್ಯೂಟರು ಕೊಟ್ಟವರು ಎರಡು ಸೂಚನೆ ಕೊಟ್ಟಿದ್ದರು: ಧೂಳು ಆಗದು, ಆದ್ದರಿಂದ ಆ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗಬಾರದು; ಶಾಕ್ ಹೊಡೆದೀತು, ಆದ್ದರಿಂದ ರಬ್ಬರ್ ಚಪ್ಪಲಿ ಹಾಕಿಕೊಳ್ಳದೆ ಮುಟ್ಟಬಾರದು. ಎರಡನ್ನೂ ಪಾಲಿಸುವ ದಾರಿ ಒಂದೇ ಇತ್ತು. ನಾನು ಪೇಟೆಗೆ ಹೋಗಿ, ಎಂದಿಗೂ ನೆಲ ತಾಗಿರದ ಹೊಸ ರಬ್ಬರ್ ಚಪ್ಪಲಿ ಬೇಕೆಂದೂ, ಹಾಕಿ ನಡೆದು ನೋಡುವುದು ಸಾಧ್ಯವಿಲ್ಲವೆಂದೂ, ಕಾಗದದಲ್ಲಿ ಸುತ್ತಿ ಕೊಡಬೇಕೆಂದೂ ಕೇಳಿದೆ. ಅಂಗಡಿಯವನು ಕೊಟ್ಟ, ಮತ್ತು ಮರೆಯದೆ ನೆನಪಿಟ್ಟುಕೊಂಡ.

ಚಪ್ಪಲಿಯ ಮೇಲೆಯೂ ಶಾಕ್ ನಿಲ್ಲದಿದ್ದಾಗ ನನ್ನ ಹೆಂಡತಿ ಜುಬೇದಾಬಿ ಮಗಳನ್ನು ಕಟ್ಟಿಗೆಯ ಮಣೆಯ ಮೇಲೆ ಕೂಡ್ರಿಸಿದಳು. ಒಂದು ದಿನ ಮಣೆಯಿಂದ ಕಾಲು ಜಾರಿ, ಮೈಯೆಲ್ಲ ಜುಮ್ಮೆಂದು, ಹುಡುಗಿ ನೆಲಕ್ಕೆ ಬಿದ್ದಳು. ಆಗ ಕರೆಂಟಿನ ಕೆಲಸದ ಶಟ್ಟೆಪ್ಪನನ್ನು ಕರೆಸಿದೆವು. ಅವನು ಬೋರ್ಡು ಬಿಚ್ಚಿ ನೋಡಿ, “ಇದಕ್ಕ ಅರ್ಥಿಂಗ್ ಬೇಕ್ರಿ ಸಾಬರ. ಹಿತ್ತಲದಾಗ ತಗ್ಗ ತಗದು, ತಾಮ್ರದ ತಗಡ ಇಟ್ಟು, ಇದ್ದಲಿ ಉಪ್ಪು ತುಂಬಿ, ವೈರ್ ಬಿಟ್ಟು, ದಿನಾ ಮುಂಜಾನೆ ಎರಡ ಕೊಡ ನೀರ ಹಾಕ್ರಿ. ಹಸಿ ಇರೂತನಕ ಶಾಕ್ ಇಲ್ಲ,” ಎಂದ. ಹೀಗೆ ತಮ್ಮ ಜನನ ನಿಶ್ಚಯವಾಯಿತು.

ಮುಹೂರ್ತದ ವಿಷಯದಲ್ಲಿ ತಪ್ಪು ನನ್ನದೇ. ಶಟ್ಟೆಪ್ಪನಿಗೆ ಬಿಡುವು ಇದ್ದದ್ದು ಅಮಾವಾಸ್ಯೆಯ ದಿನ ಮಾತ್ರ, ಏಕೆಂದರೆ ಆ ದಿನ ಯಾರೂ ಹೊಸ ಕೆಲಸಕ್ಕೆ ಅವನನ್ನು ಕರೆಯುವುದಿಲ್ಲ. ಹಿಂದಿನ ದಿನ ನಾನು ಒಂದು ಚೀಲ ಹರಳುಪ್ಪು, ಎರಡು ಚೀಲ ಇದ್ದಲು, ಒಂದು ಚೌಕದ ತಾಮ್ರದ ತಗಡು, ಇವನ್ನೆಲ್ಲ ತೆರೆದ ಕೈಗಾಡಿಯಲ್ಲಿ ಹಾಕಿಸಿಕೊಂಡು, ಪೇಟೆಯ ಈ ತುದಿಯಿಂದ ಆ ತುದಿಗೆ, ಸಿಕ್ಕವರಿಗೆಲ್ಲ ನಮಸ್ಕಾರ ಹೇಳುತ್ತ ಬಂದೆ. ಉಪ್ಪು, ಇದ್ದಲು, ತಾಮ್ರ, ಅಮಾವಾಸ್ಯೆ, ನೆಲ ತಾಗದ ಚಪ್ಪಲಿ, ಅದರ ಮೇಲೆ ಹಳೆಯ ವಾಡೆಯ ಹಿತ್ತಲಿನಲ್ಲಿ ಐದಡಿ ತಗ್ಗು. ಒಂದು ಕಾಲಕ್ಕೆ ರಾಜರು ಆಳಿದ ಊರಿನಲ್ಲಿ ಇಷ್ಟನ್ನು ನೋಡಿದವರು ಏನು ತಿಳಿದುಕೊಳ್ಳಬೇಕೋ ಅದನ್ನೇ ತಿಳಿದುಕೊಂಡರು. ಸಂಜೆಯೊಳಗೆ ಮಲ್ಲಿಕಸಾಬನಿಗೆ ನಿಧಿ ಸಿಕ್ಕಿದೆ ಎಂದು ಊರೆಲ್ಲ ಆಗಿತ್ತು.

ಎದುರು ಮನೆಯ ಕಾಡವ್ವ ಈ ಸುದ್ದಿಗೆ ಸಾಕ್ಷಿಯನ್ನೂ ಒದಗಿಸಿದಳು. ಅವಳು ಮಜ್ಜಿಗೆ ಕೊಡಲು ಬಂದಾಗ ಅಂಬರೀನ ಬಿಡುವಿನಲ್ಲಿ ಕಂಪ್ಯೂಟರಿನ ಒಂದು ಆಟ ಆಡುತ್ತಿದ್ದಳು. ಪರದೆಯ ತುಂಬ ಚೌಕ ಚೌಕದ ಮಡಿಗಳು, ಒಂದೊಂದನ್ನು ಒತ್ತಿದರೆ ಅಂಕಿ ಬರುತ್ತದೆ, ಕೆಳಗೆ ಬಾಂಬು ಹುಗಿದಿದೆ ಎನಿಸಿದಲ್ಲಿ ಕೆಂಪು ಬಾವುಟ ನೆಡಬೇಕು. ಕಾಡವ್ವ ಅಂದೇ ಓಣಿಗೆಲ್ಲ, “ನಮ್ಮೂರ ನೆಲಾನ ಕಾಣತೈತವಾ ಅದರಾಗ. ಎಲ್ಲೆಲ್ಲಿ ಹುಗದಾರ ಅಲ್ಲೆಲ್ಲ ಕೆಂಪ ನಿಶಾನಿ,” ಎಂದು ಹೇಳಿಬಂದಳು. ಜುಬೇದಾಬಿ ದಿನಾಲು ಮುಂಜಾನೆ ತಮಗೆ ನೀರು ಹಾಕುವುದನ್ನು ಕಂಡು, ಕಾಡವ್ವ ತಾನೂ ಒಂದು ಚೊಂಬು ತಂದಳು. ಬರಬರುತ್ತ ಅರಿಸಿನ, ಕುಂಕುಮ, ಲಿಂಬೆಹಣ್ಣುಗಳೂ ಬಂದವು. ತಾವು ಒಂದನ್ನೂ ಬೇಡವೆನ್ನಲಿಲ್ಲ. ಕಾಡವ್ವನ ಎಮ್ಮೆ ಹೆಣ್ಣುಗರು ಹಾಕಿದ ಶ್ರೇಯಸ್ಸು ತಮಗೆ ಬಂದಾಗಲಾದರೂ ತಾವು ಅದನ್ನು ಎಮ್ಮೆಗೆ ಬಿಟ್ಟುಕೊಡಬಹುದಾಗಿತ್ತು.

ಇನ್ನು ವಾಡೆಯ ಮಾಲಕರಾದ ಗುರುನಾಥರ ಮಾತು. ಅವರ ತಂದೆ ಈ ವಾಡೆಯನ್ನು ಊರು ಬಿಟ್ಟು ಹೋದ ಒಂದು ಮನೆತನದವರಿಂದ ಕೊಂಡಿದ್ದರು, ಮತ್ತು ಹೋಗುವವರು ಏನನ್ನೋ ನೆಲದಲ್ಲಿ ಬಿಟ್ಟು ಹೋಗಿದ್ದಾರೆ ಎಂಬ ಸಂಶಯ ಆ ಮನೆಯಲ್ಲಿ ತಂದೆಯಿಂದ ಮಗನಿಗೆ ಬಂದಿತ್ತು. ವರ್ಷಕ್ಕೊಮ್ಮೆ ಮುಖ ತೋರಿಸುತ್ತಿದ್ದ ಅವರು ಈಗ ದಿನಕ್ಕೆರಡು ಸಲ ಬಂದು ತಮ್ಮ ದಂಡೆಯ ಮೇಲೆ ಕುಳಿತುಕೊಳ್ಳತೊಡಗಿದರು. ನಾನು ಅರ್ಥಿಂಗ್ ಎಂದರೆ ಏನೆಂದು ಶಾಲೆಯ ಮಕ್ಕಳಿಗೆ ಹೇಳುವಂತೆ ಚಿತ್ರ ಬರೆದು ತಿಳಿಸಿದೆ. ಅವರು ಎಲ್ಲವನ್ನೂ ಕೇಳಿ, “ನಿಮಗ ಮ್ಯಾಲಿನ ಮನಿ ಬಾಡಿಗಿ ಕೊಟ್ಟೇನ್ರಿ ಮಲ್ಲಿಕಸಾಬರ. ಬುಡಕಿನ ನೆಲಾ ಕೊಟ್ಟಿಲ್ಲ,” ಎಂದು, ತಿಂಗಳೊಳಗೆ ಮನೆ ಬಿಡಬೇಕೆಂಬ ನೋಟೀಸನ್ನು ಕೈಯಲ್ಲಿಟ್ಟರು.

ಆ ತಿಂಗಳು ನಮ್ಮ ಮನೆಯಲ್ಲಿ ಊಟ ಯಾರಿಗೂ ಸೇರಲಿಲ್ಲ. ಬೇರೆ ಮನೆ ನೋಡಲು ನಾನು ಊರೆಲ್ಲ ತಿರುಗಿದೆ. ಪೇಟೆಯಲ್ಲಿ ಖಾಲಿ ಮನೆಯಿಲ್ಲ. ಹೊರಗಿನ ಹೊಸ ಬಡಾವಣೆಯಲ್ಲಿ ಇದ್ದವು, ಆದರೆ ಅಲ್ಲಿ ಹಿಡಿ ಮಣ್ಣು ಕಾಣದಂತೆ ಗೋಡೆಯಿಂದ ಗೋಡೆಗೆ ಫರಸಿ ಕಲ್ಲು ಹಾಸಿದ್ದರು, ಮತ್ತು ಅಷ್ಟು ದೂರ ಒಂದು ಅರ್ಜಿ ಟೈಪು ಮಾಡಿಸಲು ಯಾರೂ ಬರುವುದಿಲ್ಲ. ಅಂಬರೀನ ಬೋರ್ಡನ್ನು ತಾನೇ ಇಳಿಸಿ ಒರೆಸಿ ಗೋಡೆಗೆ ಆನಿಸಿಟ್ಟಳು. ಅದನ್ನು ನೋಡಿ ನಾನು ಹಿತ್ತಲಿಗೆ ಬಂದು ತಮ್ಮ ಮುಂದೆ ನಿಂತು ಆಡಿದ ಮಾತುಗಳಿಗೆ ಈಗ ಕ್ಷಮೆ ಕೇಳುತ್ತೇನೆ. ಅವುಗಳನ್ನು ಪತ್ರದಲ್ಲಿ ಬರೆಯುವಂತಿಲ್ಲ.

ತಿಂಗಳು ತುಂಬುವತನಕ ಗುರುನಾಥರಿಗೆ ತಾಳ್ಮೆ ಉಳಿಯಲಿಲ್ಲ. ಒಂದು ಮುಂಜಾನೆ ಸಲಿಕೆ ಹಿಡಿದು ಅವರೇ ತಮ್ಮೊಳಗೆ ಇಳಿದು, ವೈರನ್ನು ಕಿತ್ತು, ಉಪ್ಪನ್ನು ತೋಡಿ ಚೆಲ್ಲಿ, ಕೊನೆಗೆ ಎರಡು ಚೀಲ ಇದ್ದಲನ್ನು ಮೇಲಕ್ಕೆ ಎತ್ತಿದರು. ಯೋಗವಿಲ್ಲದವರ ಕೈಗೆ ಸಿಕ್ಕ ನಿಧಿ ಇದ್ದಲಾಗುತ್ತದೆ ಎಂಬುದು ನಮ್ಮ ಕಡೆ ಕೂಸಿಗೂ ಗೊತ್ತಿರುವ ಸಂಗತಿ. ಅವರು ಮಂಡಿಯವರೆಗೆ ಉಪ್ಪು ಮೆತ್ತಿಕೊಂಡು ನಿಂತು, ಎರಡೂ ಕೈ ಕಪ್ಪು ಮಾಡಿಕೊಂಡು, “ಬಂಗಾರ ಇತ್ತು. ನನ್ನ ಕೈ ಹತ್ತಿ ಹಿಂಗಾತು,” ಎಂದರು. ಆ ಇದ್ದಲನ್ನು ಪೇಟೆಯಿಂದ ತಂದವನು ನಾನೇ ಎಂದು ಹೇಳಿದೆ. ಅಂಗಡಿಯವನನ್ನು ಕರೆಸುತ್ತೇನೆ ಎಂದೆ. “ಹಂಗ ಅನ್ನಾಕ ಬೇಕಲ್ರಿ ನೀವು,” ಎಂದರು. ಆಮೇಲೆ ಮೇಲಕ್ಕೆ ಹತ್ತಿ ಬಂದು, ಅಂಬರೀನಳ ಮುಂದೆ ಕೈಮುಗಿದು, “ಯಾರ ಸಲುವಾಗಿ ತಗದ ತಗ್ಗೋ ಅವರ ಕೈಲೇ ಸುದ್ದ ಆಗಬೇಕವಾ. ಇದ್ದಲಿ ಮತ್ತ ಬಂಗಾರ ಆಗಾಕ ಏನ ಮಾಡ್ಲಿ ಹೇಳು,” ಎಂದರು.

ಮಾನ್ಯರೇ, ನನ್ನ ಮಗಳು ಒಂದೇ ಒಂದು ಸುಳ್ಳು ಹೇಳಲಿಲ್ಲ. ಇದನ್ನು ತಾವು ಎಲ್ಲಿ ಬೇಕಾದರೂ ಸಾಕ್ಷಿ ನುಡಿಯಬಹುದು. ಅವಳು ಒಳಗೆ ಹೋಗಿ, ಮಣೆಯ ಮೇಲೆ ಕುಳಿತು, ಶಟ್ಟೆಪ್ಪ ಹೇಳಿದ್ದನ್ನೇ ಟೈಪು ಮಾಡಿ, ಪ್ರಿಂಟರಿನಿಂದ ಕರ್ರೆಂದು ಹೊರಗೆ ಬಂದ ಹಾಳೆಯನ್ನು ಅವರ ಕೈಗೆ ಕೊಟ್ಟಳು. ತಾಮ್ರದ ತಗಡನ್ನು ತೊಳೆದು ತಳದಲ್ಲಿ ಇಡುವುದು. ಇದ್ದಲು ಒಂದು ಪದರು, ಉಪ್ಪು ಒಂದು ಪದರು. ದಿನಾಲು ಮುಂಜಾನೆ ತಪ್ಪದೆ ಎರಡು ಕೊಡ ನೀರು. ಕಂಪ್ಯೂಟರಿಗೆ ಹೋಗುವ ವೈರನ್ನು ಕಿತ್ತರೆ ತಗ್ಗು ಕೆಲಸ ಮಾಡುವುದಿಲ್ಲ. ಗುರುನಾಥರು ಹಾಳೆಯನ್ನು ಕಣ್ಣಿಗೆ ಒತ್ತಿಕೊಂಡು ಓದಿದರು. ವೈರು ಕೀಳಬಾರದೆಂದರೆ ಕಂಪ್ಯೂಟರು ಅಲುಗಬಾರದು, ಕಂಪ್ಯೂಟರು ಅಲುಗಬಾರದೆಂದರೆ ನಾವು ಅಲುಗಬಾರದು, ಎಂಬುದನ್ನು ಅವರು ತಾವಾಗಿಯೇ ಕಂಡುಕೊಂಡು, ನೋಟೀಸನ್ನು ನನ್ನಿಂದ ಇಸಿದುಕೊಂಡು ಹರಿದರು. ಯಾವಾಗ ಬಂಗಾರವಾಗುತ್ತದೆ ಎಂದು ಅವರು ಕೇಳಿದಾಗ ಅವಳು, “ಅದು ನನಗ ಗೊತ್ತಿಲ್ಲ ಕಾಕಾ. ನೀರ ಹಾಕೂದು ಬಿಟ್ರ ಕೆಡತೈತಿ, ಅಷ್ಟ ಗೊತ್ತು,” ಎಂದಳು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು, ಎರಡನ್ನೂ ಹೇಳಿಕೊಳ್ಳಲು ತಮ್ಮನ್ನು ಬಿಟ್ಟರೆ ನನಗೆ ಯಾರೂ ಇಲ್ಲ.

ಈಗ ತಮ್ಮ ವೈಭವವನ್ನು ಏನೆಂದು ವರ್ಣಿಸಲಿ. ಗುರುನಾಥರು ಮೊದಲಿನದಕ್ಕಿಂತ ದೊಡ್ಡ ತಗಡು ತಂದರು, ಇದ್ದಲನ್ನು ಜರಡಿ ಹಿಡಿದು ಹಾಕಿದರು, ಸುತ್ತಲೂ ಇಟ್ಟಂಗಿಯ ಕಟ್ಟೆ ಕಟ್ಟಿಸಿದರು, ಮತ್ತು ದಿನಾಲು ಮುಂಜಾನೆ ಸ್ನಾನ ಮಾಡಿ ಒದ್ದೆ ಧೋತರದಲ್ಲಿ ಬಂದು ಎರಡು ಕೊಡ ನೀರು ಸ್ವತಃ ಸೇದಿ ಹಾಕುತ್ತಾರೆ. ಶಟ್ಟೆಪ್ಪ ಮೀಟರು ಹಿಡಿದು ನೋಡಿ, ಇಂಥ ಅರ್ಥಿಂಗ್ ದೊಡ್ಡ ದೊಡ್ಡ ಕಾರಖಾನೆಗಳಲ್ಲೂ ಇಲ್ಲವೆಂದ. ನಮ್ಮ ಓಣಿಯ ಏಳು ಮನೆಯವರು ಹಾಳೆಯ ಪ್ರತಿ ಮಾಡಿಸಿಕೊಂಡು ಹೋಗಿ ತಮ್ಮ ತಮ್ಮ ಹಿತ್ತಲಿನಲ್ಲಿ ತಗ್ಗು ತೆಗೆಸಿದ್ದಾರೆ. ಏಳರಲ್ಲಿ ಮೂರು ಮನೆಗೆ ಕರೆಂಟೇ ಇಲ್ಲ. ಅಂಬರೀನ ಬರಿಗಾಲಲ್ಲಿ ಕುಳಿತು ಕೆಲಸ ಮಾಡುತ್ತಾಳೆ. ಬೋರ್ಡು ಮತ್ತೆ ಬಾಗಿಲಿಗೆ ಏರಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹ ಒಂದೇ. ತಮ್ಮ ಮೇಲೆ ಇಷ್ಟು ನೀರು, ಇಷ್ಟು ಅರಿಸಿನ, ಇಷ್ಟು ಭಕ್ತಿ ಸುರಿಯುತ್ತಿರುವಾಗ ಎಂಥವರಿಗೂ ಮನಸ್ಸು ಕರಗುವುದು ಸಹಜ. ದಯವಿಟ್ಟು ಕರಗಬೇಡಿರಿ. ತಾವು ಯಾವ ಕಾರಣಕ್ಕೂ ಬಂಗಾರವಾಗಬಾರದು. ತಾವು ಬಂಗಾರವಾದ ದಿನ ಗುರುನಾಥರಿಗೆ ನಾವು ಬೇಡವಾಗುತ್ತೇವೆ, ನನ್ನ ಮಗಳ ಮೇಜು ಬೀದಿಗೆ ಬರುತ್ತದೆ. ಇದ್ದಲಾಗಿರುವುದು ತಮ್ಮ ಯೋಗ್ಯತೆಗೆ ಕಡಿಮೆಯೆಂದು ತೋರಿದರೆ, ಇಡೀ ಓಣಿಯಲ್ಲಿ ಒಂದು ಜೀವ ಕಾಯುತ್ತಿರುವ ತಗ್ಗು ತಾವೊಬ್ಬರೇ ಎಂಬುದನ್ನು ನೆನೆದು ಸಮಾಧಾನ ತಂದುಕೊಳ್ಳಬೇಕು.

ತಮ್ಮ ದಂಡೆಯ ಮೇಲೆ ಕುಳಿತೇ ಇದನ್ನು ಬರೆದ,
ತಮ್ಮ ವಿಶ್ವಾಸಿ,
ಮಲ್ಲಿಕಸಾಬ ಜಮಾದಾರ
ನಿವೃತ್ತ ಟೈಪಿಸ್ಟ್

ತಾ.ಕ.: ಸತ್ಯವನ್ನು ಮುಚ್ಚಿಡುವುದು ನನ್ನಿಂದಾಗದೆ, ಈ ಪತ್ರವನ್ನು ಎರಡು ದಿನದ ಹಿಂದೆ ವಾಡೆಯ ಮುಂಬಾಗಿಲಿಗೆ ಅಂಟಿಸಿದ್ದೆ. ಟೈಪು ಮಾಡಿಕೊಡು ಎಂದರೆ ಅಂಬರೀನ ಯಾಕೋ ಒಪ್ಪಿರಲಿಲ್ಲ, ಆದ್ದರಿಂದ ಕೈಬರಹದಲ್ಲೇ ಇತ್ತು. ನಿನ್ನೆ ಮುಂಜಾನೆ ಗುರುನಾಥರು ಕನ್ನಡಕ ಹಾಕಿಕೊಂಡು, ನಿಂತಲ್ಲೇ ನಿಂತು, ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. “ಅಕ್ಷರ ಬಾಳ ಚೆಂದ ಅದಾವ್ರಿ ಮಲ್ಲಿಕಸಾಬರ,” ಎಂದರು. “ಖರೇ ಇದ್ದಿದ್ರ ಕಂಪ್ಯೂಟರಿನ್ಯಾಗ ಬರತಿತ್ತು.” ಹಾಗೆಂದು ಕೊಡ ಎತ್ತಿಕೊಂಡು ಹಿತ್ತಲಿಗೆ ನಡೆದರು.