ಕುರ್ಚಿಯ ಮೇಲಿದ್ದ ಆಂಟೆನಾ

ಧೂಳು ಒರೆಸಲೆಂದು ವಾಕಿಟಾಕಿ ಕಂಪನಿಯ ಲೆಕ್ಕಪತ್ರ ನೋಡುವ ಲೆಕ್ಕದಮ್ಮ ಮೇಜಿನ ಮೇಲಿದ್ದ ವಾಕಿಟಾಕಿಯನ್ನು ಕುರ್ಚಿಯ ಮೇಲಿಟ್ಟಿದ್ದಳು. ವಾಕಿಟಾಕಿಗಳನ್ನು ಪರೀಕ್ಷಿಸುವ ಟೆಸ್ಟರ್ ಮಹಾಶಯ ಕೈಯಲ್ಲಿ ಕಾಫಿ ಹಿಡಿದು, ಕಣ್ಣು ಕಿಟಕಿಯಾಚೆ ನೆಟ್ಟು, ಬಂದು ಕೂತ. ವಾಕಿಟಾಕಿಯ ಮೇಲೆ ಕೂರುವುದು ಅವನಿಗೆ ಹೊಸದೇನಲ್ಲ. ಆದರೆ ಈ ಸಲ ಆಂಟೆನಾ ಲಟಕ್ಕೆಂದು ಮುರಿಯಿತು.

ಅದು ಲ್ಯಾಬಿನಲ್ಲಿ ಪಾಸಾಗಿ ಬಂದ ಒಂದೇ ಒಂದು ಮಾದರಿ. ಮೂರು ಗಂಟೆಗೆ ಸರ್ಕಾರಿ ಇನ್ಸ್‌ಪೆಕ್ಟರು ಬಂದು ಅದರ ತಾಕತ್ತು ಅಳೆದು ಒಪ್ಪಿಗೆಯ ಮುದ್ರೆ ಒತ್ತುವವರಿದ್ದರು.

ಮ್ಯಾನೇಜರ್ ನಿಯಮದ ಪುಸ್ತಕ ತೆಗೆದ. "ಕೇಳ್ರೀ, ಆಂಟೆನಾ ಬದಲಾಯಿಸ್ಬಹುದು. ಆದ್ರೆ ಅದೇ ತರಹದ್ದಾಗಿರ್ಬೇಕು. ಅದರ ತಾಕತ್ತು ಪಾಸಾದಾಗ ಇದ್ದಷ್ಟೇ ಇರ್ಬೇಕು, ಇಲ್ಲಾ ಕಮ್ಮಿ ಇರ್ಬೇಕು. ಕೂದಲೆಳೆಯಷ್ಟು ಜಾಸ್ತಿಯಾದ್ರೂ ಮತ್ತೆ ಮೊದಲಿಂದ ಟೆಸ್ಟು. ಮೂರು ತಿಂಗಳು ಲ್ಯಾಬಿರೋ ಊರಲ್ಲಿ ನೀವೇ ಬಿದ್ದಿರ್ಬೇಕು. ಅಲ್ಲೇ ನಿಮ್ಮ ಮಾವನ ಮನೆ ಇದೆಯಲ್ಲ, ಆರಾಮ!"

ಟೆಸ್ಟರ್‌ನ ಮಾವ ಒಳ್ಳೆಯವರೇ. ಆದರೆ ಊಟಕ್ಕೆ ಕೂತಾಗಲೆಲ್ಲ ತಮ್ಮ ಮೂತ್ರಪಿಂಡದ ಕಲ್ಲಿನ ಆಪರೇಷನ್ ಕತೆಯನ್ನು ಸಾದ್ಯಂತವಾಗಿ ಬಡಿಸುತ್ತಿದ್ದರು. ಹೋದ ಸಲ ಎರಡೇ ದಿನಕ್ಕೆ ಅವನ ಹಸಿವು ಊರು ಬಿಟ್ಟಿತ್ತು.

ಆಫೀಸಿಗೆ ಆಫೀಸೇ ನೆರವಿಗೆ ಧಾವಿಸಿತು. ಸೇಲ್ಸ್‌ನವನು ಮೊಳದುದ್ದದ ಆಂಟೆನಾ ತಂದು, "ಉದ್ದ ಇದ್ರೇನೇ ಗತ್ತು ಕಣಯ್ಯಾ" ಎಂದ. ಡ್ರೈವರ್ ಮ್ಯಾನೇಜರನ ಕಾರಿನದನ್ನೇ ಕಿತ್ತು ತಂದ. ಪಶ್ಚಾತ್ತಾಪದಿಂದ ಬೆಂದುಹೋಗಿದ್ದ ಲೆಕ್ಕದಮ್ಮ ತನ್ನ ಛತ್ರಿಯ ಕಡ್ಡಿ ಮುರಿದುಕೊಟ್ಟಳು. "ಕಪ್ಪು ಟೇಪ್ ಸುತ್ರೀ, ಯಾರಿಗೆ ಗೊತ್ತಾಗತ್ತೆ?"

"ಅಮ್ಮಾ ತಾಯೀ, ನನ್ನ ಪಾಡಿಗೆ ನನ್ನ ಬಿಟ್ಬಿಡಿ!" ಎಂದು ಕೈಮುಗಿದು ಅವನು ಸ್ಕೂಟರ್ ಏರಿದ. ಊರಾಚೆಯ ಆಂಟೆನಾ ಕಾರ್ಖಾನೆಯವರ ಕೈಕಾಲು ಹಿಡಿದು, ಅದೇ ಮಾಡೆಲ್, ಅದೇ ನಂಬರಿನ ಆಂಟೆನಾ ತಂದು ಜೋಡಿಸುವಾಗ ಮೂರಕ್ಕೆ ಐದೇ ನಿಮಿಷ ಬಾಕಿ. ಅಬ್ಬಾ, ಗೆದ್ದೆ ಎಂದುಕೊಂಡ.

ಇನ್ಸ್‌ಪೆಕ್ಟರು ಎರಡು ಸಲ ಅಳೆದರು. "ಜಾಸ್ತಿ ತೋರಿಸ್ತಿದೆಯಲ್ರೀ?"

"ಸಾಧ್ಯಾನೇ ಇಲ್ಲ ಸಾರ್! ಅದೇ ಕಾರ್ಖಾನೆ, ಅದೇ ನಂಬರು."

"ಹಾಗಾದ್ರೆ ಹಳೇದರಲ್ಲೇ ಏನೋ ಐಬಿತ್ತು. ಲ್ಯಾಬಿಗೆ ಹೋಗೋ ಮೊದಲೇ ಪೆಟ್ಟು ತಿಂದಿತ್ತು ಅನ್ಸತ್ತೆ. ಅದಕ್ಕೇ ಅಲ್ಲಿ ತಾಕತ್ತು ಕಮ್ಮಿ ಬಂದಿದೆ."

ಟೆಸ್ಟರ್‌ಗೆ ಲ್ಯಾಬಿಗೆ ಹೋದ ದಿನದ ಬಸ್ಸಿನ ಸೀಟು ನೆನಪಾಯಿತು. ಆ ಸೀಟಿನಲ್ಲಿ ತಾನು ಯಾವುದರ ಮೇಲೆ ಕೂತಿದ್ದೆ ಎಂಬುದೂ ನೆನಪಾಯಿತು. ಬಾಗಿದ್ದನ್ನು ಆಗ ನೆಟ್ಟಗೆ ಮಾಡಿ, ಬಾಯಿಗೆ ಬೀಗ ಹಾಕಿಕೊಂಡಿದ್ದ.

"ಸಾರ್," ಎಂದು ಅಂಗಲಾಚಿದ, "ಒಂದೇ ನಿಮಿಷ. ಇದರ ಮೇಲೂ ಕೂತ್ಕೊಂಡ್ಬಿಡ್ಲಾ?"

ಇನ್ಸ್‌ಪೆಕ್ಟರು ಮುದ್ರೆಯನ್ನು ಚೀಲಕ್ಕೆ ಹಾಕಿಕೊಂಡರು. ಮ್ಯಾನೇಜರ್ ಆಗಲೇ ಅವನ ಮಾವನಿಗೆ ಫೋನ್ ಹಚ್ಚಿ ರಿಸೀವರನ್ನು ಅವನ ಕಿವಿಗೆ ಹಿಡಿದಿದ್ದ.

"ಮೂರು ತಿಂಗಳಾ? ಬನ್ನಿ ಅಳಿಯಂದಿರೇ, ಬನ್ನಿ!" ಮಾವನ ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು. "ಹೋದ ವಾರ ಇನ್ನೊಂದು ಕಲ್ಲು ತೆಗೆದ್ರು. ಡಬ್ಬೀಲಿ ಹಾಕಿಟ್ಟಿದೀನಿ, ಊಟದ ಹೊತ್ತಿಗೆ ತೋರಿಸ್ತೀನಿ!"