ಮೇಷ್ಟ್ರ ಬೆರಳು ಕಚ್ಚಿದ್ದು

ಇಲಿ ಬಿಲಕ್ಕೆ ಗುದ್ದಲಿ ಹಾಕಬೇಕು, ಕೈ ಹಾಕಬಾರದು. ಚಿಪಾಟಾ ಸೀಮೆಯ ಅಂಗೋನಿ ಜನಾಂಗದಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಇದು ಗೊತ್ತು. ಕಸೊಂಡೆ ಮೇಷ್ಟ್ರಿಗೆ ಗೊತ್ತಿರಲಿಲ್ಲ, ಅವರು ಬೆಂಬಾ.

ಬೆಂಬಾಗಳಿಗೂ ಅಂಗೋನಿಗಳಿಗೂ ತಾತಂದಿರ ಕಾಲದಲ್ಲಿ ಯುದ್ಧ, ಈಗ ಭಾವ-ಮೈದುನರ ಚೇಷ್ಟೆ, ಸಾವಿನ ಮನೆಯಲ್ಲೂ ಬಿಡದ ಗೇಲಿ. 'ಇಲಿ ತಿನ್ನೋರು' ಎಂದು ಬೆಂಬಾಗಳು, 'ಕೋತಿ ತಿನ್ನೋರು' ಎಂದು ಅಂಗೋನಿಗಳು. ಈ ಊರಿಗೆ ಬಂದ ಹನ್ನೊಂದು ವರ್ಷದಲ್ಲಿ ಮೇಷ್ಟ್ರು ಇಲಿಯನ್ನು ಹೀಗಳೆಯದ ದಿನವಿಲ್ಲ. ಆದರೆ ಯಾವುದೋ ಮದುವೆಯಲ್ಲಿ ಒಣಮೀನೆಂದು ತಿಂದದ್ದು ಮೀನಾಗಿರಲಿಲ್ಲ. ಅಂದಿನಿಂದ ನಾಲಿಗೆಗೆ ಇಲಿಯ ರುಚಿ ಹತ್ತಿತು. ರಸ್ತೆಬದಿಯಲ್ಲಿ ಮಾರುವುದನ್ನು ಕೊಂಡರೆ ಮಾನ ಹೋದೀತೆಂದು, ಕೊಯ್ಲಾದ ಜೋಳದ ಹೊಲದಲ್ಲಿ ಕದ್ದುಮುಚ್ಚಿ ಬಿಲಕ್ಕೆ ಕೈ ಹಾಕಿದರು. ಇಲಿ ಕಚ್ಚಿ ಓಡಿತು.

ವಾರ ಕಳೆಯಿತು. ಸೋಮವಾರ ಬೆಳಗ್ಗೆ ಎದ್ದರೆ ಚಳಿಜ್ವರ, ಕೀಲುನೋವು, ಅಂಗೈ ತುಂಬ ಕೆಂಪು ಗುಳ್ಳೆ. ಬೆರಳು ಸೌತೆಕಾಯಿಯಷ್ಟು ಊದಿತ್ತು.

"ಅಯ್ಯಯ್ಯೋ, ಇದೇನ್ ಮೇಷ್ಟ್ರೇ!" ಪಕ್ಕದ ಮನೆಯ ಅಮಯಿ ಸೊಕೊ ಬೆಚ್ಚಿಬಿದ್ದಳು.

"ಮೊಳೆ ಚುಚ್ತು."

"ಮೊಳೆಗೆ ಎರಡು ಹಲ್ಲು ಇರ್ತಾವಾ?" ಎಂದವಳೇ ಅವರನ್ನು ಆಸ್ಪತ್ರೆಗೆ ಎಳೆದೊಯ್ದಳು. ನೋಡಿದವರೆಲ್ಲ ಹಿಂದೆ ಬಂದರು.

ಡಾಕ್ಟರ್ ಜೆರೆಯೂ ಅಂಗೋನಿಯೇ. ಅಂಗೈ ನೋಡಿ, ಸೂಜಿ ಚುಚ್ಚಿ, ಕುರ್ಚಿ ಹತ್ತಿರ ಎಳೆದುಕೊಂಡ.

"ಏನ್ ಕಚ್ತು, ಭಾವ?"

"ನಾ... ನಾಯಿ."

"ನಮ್ಮ ಬೀದೀಲಿರೋದು ಹೆಡ್‌ಮಾಸ್ಟರ್ ನಾಯಿ ಒಂದೇ!" ಅಮಯಿ ಸೊಕೊ ಕೂಗಿದಳು. ಸುದ್ದಿ ಹೋದದ್ದೇ ತಡ, ಹೆಡ್‌ಮಾಸ್ಟರು ಮುದಿ ನಾಯಿಯನ್ನು ಎತ್ತಿಕೊಂಡು ಓಡಿಬಂದು ಅದರ ಬಾಯಿ ಬಿಡಿಸಿದರು.

"ನೋಡಿ ಸ್ವಾಮಿ, ಒಂದಾದ್ರೂ ಹಲ್ಲಿದೆಯಾ?"

ಇರಲಿಲ್ಲ. ಜೆರೆ ಮುಖ ಗಂಟಿಕ್ಕಿದ. "ಭಾವ, ಒಂದೊಂದು ಪ್ರಾಣಿ ಕಚ್ಚಿದ್ರೆ ಒಂದೊಂದು ರೋಗ. ಇದು ಎದೆಗೆ ಇಳಿದ್ರೆ ಮುಗೀತು. ನಿಮ್ಮ ಸಾವಿನ ಮನೇಲಿ ಬಂದು ಕುಣಿಯೋರು ನಾವೇ. ಹೇಳ್ತೀರೋ, ಸಾಯ್ತೀರೋ?"

ಮೇಷ್ಟ್ರು ಕಣ್ಣು ಮುಚ್ಚಿದರು. "ಇಲಿ."

"ಎಲ್ಲಿ?"

"ಬಿಲದಲ್ಲಿ."

"ಬಿಲದಲ್ಲಿ ನಿಮಗೇನ್ ಕೆಲಸ?"

"...ಹುರಿಯೋಕೆ."

ಅಮಯಿ ಸೊಕೊ ಬಾಯಿಗೆ ಕೈಯಿಟ್ಟುಕೊಂಡಳು. ಹೆಡ್‌ಮಾಸ್ಟರ ಕೈಯಿಂದ ನಾಯಿ ಜಾರಿತು. ಆಮೇಲೆ ಎದ್ದ ನಗುವಿಗೆ ತಗಡಿನ ಮಾಡು ನಡುಗಿತು.

"ನಗೋದು ಸಾಕು, ಔಷಧಿ ಕೊಡಪ್ಪಾ!" ಮೇಷ್ಟ್ರು ಅಳುವುದೊಂದೇ ಬಾಕಿ.

"ಆಗ್ಲೇ ಚುಚ್ಚಿದ್ನಲ್ಲ, ಅದೇ. ಅಂಗೈ ನೋಡಿದ್ದೇ ತಿಳೀತು. ಇಲಿ ಕಚ್ಚಿ ಬರೋ ಜ್ವರ ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿದ್ದು ಇವತ್ತೇ. ಬಿಲಕ್ಕೆ ಕೈ ಹಾಕೋ ಅಂಗೋನಿ ಹುಟ್ಟಿಲ್ವಲ್ಲ!"

"ಮತ್ತೆ ಕೇಳಿದ್ದ್ಯಾಕೆ?"

"ನಿಮ್ಮ ಬಾಯಿಂದ ಕೇಳೋ ಆಸೆ, ಭಾವ. ಹನ್ನೊಂದು ವರ್ಷ ಕಾದಿದ್ವಿ."

ಸಂಜೆಯೊಳಗೆ ಊರಿನ ಮನೆಮನೆಯಿಂದ ಆಸ್ಪತ್ರೆಯ ಮಂಚದ ಬಳಿಗೆ ತಟ್ಟೆಗಳು ಬಂದವು: ನ್ಶಿಮಾ ಮುದ್ದೆ, ಜೊತೆಗೆ ಗರಿಗರಿ ಹುರಿದ ಇಲಿ. ಹೋದ ಮಾನ ಹೋಯಿತು, ಇನ್ನು ನಾಚಿಕೆ ಯಾಕೆಂದು ಮೇಷ್ಟ್ರು ಆಸೆಯಿಂದ ಎದ್ದು ಕೂತು ಕೈ ಚಾಚಿದರು.

ಜೆರೆ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡ. "ಜ್ವರ ಇಳಿಯೋ ತನಕ ನಿಮಗೆ ಬರೀ ಗಂಜಿ."

ಊರವರೆಲ್ಲ ಮಂಚದ ಸುತ್ತ ಕೂತು ಊಟ ಮುಗಿಸಿದರು.